ಗುಜರಿ ಸಾಮಾನಿನ ಜಾತಕ

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನಲ್ಲಿ ನೆರೆಯುವ ಸಂಡೆ ಬಜಾರಿನಲ್ಲಿ, ತುಕ್ಕು ಹಿಡಿದ ಬೀಗಗಳಿಗೂ ಕಿವಿ ಮುರಿದ ಪಿಂಗಾಣಿ ಬಟ್ಟಲುಗಳಿಗೂ ನಡುವೆ ಕುಳಿತಿದ್ದ ಒಂದು ಹಿತ್ತಾಳೆಯ ಅಳತೆಪಾತ್ರೆಯನ್ನು ಕೆಲವು ವರ್ಷಗಳ ಹಿಂದೆ ನಾನು ಕೊಂಡು ತಂದೆ. ಮಾರುತ್ತಿದ್ದ ಹಿರಿಯರು ಅದು ಟಿಪ್ಪುವಿನ ಕಾಲದ ಅಚ್ಚೇರು ಎಂದೂ ಅರಮನೆಯ ಉಗ್ರಾಣದಿಂದ ಹೊರಬಿದ್ದದ್ದೆಂದೂ ಹೇಳಿದರು. ಹೇಳಿದ ಧಾಟಿಯನ್ನು ನೋಡಿದರೆ ಅವರಿಗೂ ಆ ಮಾತಿನಲ್ಲಿ ಪೂರ್ತಿ ನಂಬಿಕೆಯಿದ್ದಂತಿತ್ತು. ಮನೆಗೆ ಬಂದು ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದಾಗ ಕಪ್ಪು ಕರಗಿ, ಅಂಚಿನ ಕೆಳಗೆ '500 ಎಂ.ಎಲ್.' ಎಂಬ ಇಂಗ್ಲಿಷ್ ಅಚ್ಚು ಕಾಣಿಸಿಕೊಂಡಿತು. ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ಮಡಿದದ್ದು 1799ರಲ್ಲಿ. ಭಾರತವು ಲೀಟರು, ಕಿಲೋಗಳನ್ನು ಕಾನೂನಿನ ಮೂಲಕ ಒಪ್ಪಿಕೊಂಡದ್ದು 1956ರಲ್ಲಿ. ಪಾತ್ರೆಗೂ ಅದರ ಕಥೆಗೂ ನಡುವೆ ಒಂದೂವರೆ ಶತಮಾನಕ್ಕೂ ಮಿಕ್ಕ ಅಂತರವಿತ್ತು.

ಹಳೆಯ ಮನೆಸಾಮಾನಿಗೆ ಹೀಗೆ ಎರಡು ಬಗೆಯ ಕಥೆಗಳಿರುತ್ತವೆ. ಒಂದು, ಬಾಯಿಂದ ಬಾಯಿಗೆ ದಾಟುತ್ತ ಬಂದದ್ದು; ಇದು ಪ್ರತಿ ದಾಟಿನಲ್ಲಿಯೂ ಹತ್ತಿಪ್ಪತ್ತು ವರ್ಷ ಹಿಂದಕ್ಕೆ ಸರಿಯುತ್ತದೆ, ಪ್ರತಿ ದಾಟಿನಲ್ಲಿಯೂ ಅರಮನೆಗೆ ಒಂದು ಹೆಜ್ಜೆ ಹತ್ತಿರವಾಗುತ್ತದೆ. ಇನ್ನೊಂದು, ಸಾಮಾನಿನ ಮೈಮೇಲೆಯೇ ಇರುವಂಥದು: ಅಚ್ಚು, ಮೊಹರು, ಬೆಸುಗೆ, ಸವೆತ, ಊರಿನ ಹೆಸರು, ಬೆಲೆಯ ಲೆಕ್ಕ. ಜನ್ಮದಿನ ಗೊತ್ತಿಲ್ಲದವರ ಜಾತಕ ಬರೆಯಲು ಜೋಯಿಸರು ತಿಣುಕಬೇಕಾಗುತ್ತದೆ, ಆದರೆ ಸಾಮಾನುಗಳ ವಿಷಯದಲ್ಲಿ ಜನ್ಮದಿನವನ್ನು ಎರಡು ಗಡಿಗಳ ನಡುವೆ ಕಟ್ಟಿಹಾಕಲು ಸಾಕಷ್ಟು ಗಟ್ಟಿಯಾದ ದಾರಿಗಳಿವೆ.

ಇದರ ಹಿಂದಿರುವ ತರ್ಕ ಸರಳವಾದದ್ದು. ಯಾವುದೇ ಗುರುತಿಗೂ ಅದರದೇ ಆದ ಹುಟ್ಟಿನ ವರ್ಷವಿರುತ್ತದೆ, ಹಲವಕ್ಕೆ ಸಾವಿನ ವರ್ಷವೂ ಇರುತ್ತದೆ. ಒಂದು ಡಬ್ಬಿಯ ಮೇಲೆ ಐದು ಗುರುತುಗಳಿದ್ದರೆ, ಅವುಗಳಲ್ಲಿ ಎಲ್ಲಕ್ಕಿಂತ ತಡವಾಗಿ ಹುಟ್ಟಿದ ಗುರುತು ಯಾವುದೋ ಅದಕ್ಕಿಂತ ಡಬ್ಬಿ ಹಳೆಯದಾಗಿರಲು ಸಾಧ್ಯವಿಲ್ಲ. ಇಲ್ಲಿ ಒಂದೇ ಒಂದು ಎಚ್ಚರಿಕೆ ಬೇಕು: ಆ ಗುರುತು ತಯಾರಾದಾಗಲೇ ಬಿದ್ದದ್ದೋ, ಅನಂತರ ಯಾರೋ ಸೇರಿಸಿದ್ದೋ ಎಂಬುದನ್ನು ಬೇರ್ಪಡಿಸಿ ನೋಡಬೇಕು. ಅಜ್ಜನ ಕಾಲದ ಬೀರುವಿಗೆ ಮೊಮ್ಮಗ ಹೊಸ ಹಿಡಿ ಹಾಕಿಸಿರಬಹುದು. ಹಿಡಿಯ ವಯಸ್ಸು ಬೀರುವಿನದಾಗುವುದಿಲ್ಲ. 'ಇದಕ್ಕಿಂತ ಹಿಂದಿನದಲ್ಲ' ಎಂದು ಖಚಿತವಾಗಿ ಹೇಳುವುದು ಬಹುಪಾಲು ಸಾಧ್ಯ, 'ಇದೇ ವರ್ಷದ್ದು' ಎನ್ನುವುದು ಅಪರೂಪ. ಗುಜರಿ ಸಾಮಾನನ್ನು ಓದುವವರು ಮೊದಲನೆಯದರಲ್ಲಿ ತೃಪ್ತಿಪಡಲು ಕಲಿಯಬೇಕಾಗುತ್ತದೆ.

ಅಳತೆಯಿಂದಲೇ ಆರಂಭಿಸೋಣ, ಏಕೆಂದರೆ ನಮ್ಮ ಮನೆಗಳಲ್ಲಿ ಉಳಿದಿರುವ ಹಳೆಯ ಹಿತ್ತಾಳೆ, ಕಬ್ಬಿಣದ ಸಾಮಾನುಗಳಲ್ಲಿ ಸೇರು, ಪಾವುಗಳ ಪಾಲು ದೊಡ್ಡದು. ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು, ನಡುವೆ ಅರ್ಧ ಸೇರಿಗೆ ಅಚ್ಚೇರು ಎಂಬ ಲೆಕ್ಕ ಹಳಬರ ನಾಲಿಗೆಯ ಮೇಲೆ ಇನ್ನೂ ಇದೆ. ತೂಕದ ಸೇರನ್ನು ಬ್ರಿಟಿಷ್ ಸರ್ಕಾರವು 80 ತೊಲಕ್ಕೆ, ಅಂದರೆ ಸುಮಾರು 933 ಗ್ರಾಮಿಗೆ ನಿಗದಿಪಡಿಸಿದ್ದರೂ, ಧಾನ್ಯ ಅಳೆಯುವ ಸೇರು ಊರಿಂದೂರಿಗೆ ಬದಲಾಗುತ್ತಿತ್ತು. ಕಚ್ಚಾ ಸೇರು, ಪಕ್ಕಾ ಸೇರು ಎಂಬ ಭೇದ ಬೇರೆ. ಈ ಗೊಂದಲವನ್ನು ನಿವಾರಿಸಲೆಂದೇ 1956ರಲ್ಲಿ ತೂಕ ಮತ್ತು ಅಳತೆಗಳ ಕಾಯ್ದೆ ಬಂತು, 1958ರ ಅಕ್ಟೋಬರಿನಿಂದ ಹೊಸ ತೂಕಗಳು ಹಂತಹಂತವಾಗಿ ಜಾರಿಗೆ ಬಂದವು, 1962ರ ಹೊತ್ತಿಗೆ ವ್ಯಾಪಾರದಲ್ಲಿ ಮೆಟ್ರಿಕ್ ಅಳತೆ ಕಡ್ಡಾಯವಾಯಿತು.

ಆದುದರಿಂದ ಅಚ್ಚು ಅಳಿಸಿಹೋದ ಅಳತೆಪಾತ್ರೆಯೂ ತನ್ನ ಕಾಲವನ್ನು ಹೇಳಬಲ್ಲುದು. ಖಾಲಿ ಪಾತ್ರೆಯನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟು, ತಕ್ಕಡಿಯನ್ನು ಸೊನ್ನೆಗೆ ತಂದು, ಅಂಚಿನವರೆಗೆ ನೀರು ತುಂಬಿ ತೂಗಿದರೆ ಸಾಕು. ಒಂದು ಗ್ರಾಂ ನೀರಿಗೆ ಒಂದು ಮಿಲಿಲೀಟರು. ಉತ್ತರವು 250, 500, 1000 ಎಂಬ ದುಂಡು ಸಂಖ್ಯೆಗಳ ತೀರ ಹತ್ತಿರ ಬಂದರೆ ಪಾತ್ರೆ ಬಹುಮಟ್ಟಿಗೆ ಕಾಯ್ದೆಯ ನಂತರದ್ದು. ಯಾವ ದುಂಡು ಸಂಖ್ಯೆಗೂ ಒಗ್ಗದೆ ನಡುವೆ ನಿಂತರೆ ಸೇರಿನ ಕಾಲದ್ದಾಗಿರುವ ಸಾಧ್ಯತೆ ಹೆಚ್ಚು. ತಳ ನೆಗ್ಗಿದ್ದರೆ ಲೆಕ್ಕ ಸ್ವಲ್ಪ ತಪ್ಪುತ್ತದೆ ಎಂಬುದು ನೆನಪಿರಲಿ. ವ್ಯಾಪಾರಕ್ಕೆ ಬಳಸಿದ ಮೆಟ್ರಿಕ್ ಅಳತೆಯಾದರೆ ಅದರ ಮೇಲೆ ಇಲಾಖೆಯ ಇನ್‌ಸ್ಪೆಕ್ಟರು ಪರೀಕ್ಷಿಸಿ ಒತ್ತಿದ ಸಣ್ಣ ಮೊಹರುಗಳೂ ಇರುತ್ತವೆ. ವರ್ಷದ ಕೊನೆಯ ಎರಡು ಅಂಕಿಗಳೂ ಮೂರು ತಿಂಗಳ ಅವಧಿಯನ್ನು ಸೂಚಿಸುವ ಒಂದು ಇಂಗ್ಲಿಷ್ ಅಕ್ಷರವೂ ಅದರಲ್ಲಿ ಸೇರಿರುತ್ತವೆ. ಆ ಪರೀಕ್ಷೆ ಆಗಾಗ್ಗೆ ಮರುಕಳಿಸಬೇಕಾದ್ದರಿಂದ, ಒಂದೇ ಪಾತ್ರೆಯ ಮೇಲೆ ಆರೇಳು ಮೊಹರುಗಳಿದ್ದರೆ ಅದು ಎಷ್ಟು ವರ್ಷ ಅಂಗಡಿಯಲ್ಲಿ ದುಡಿದಿದೆ ಎಂಬುದರ ಹಾಜರಿಪುಸ್ತಕವೇ ನಮ್ಮ ಕೈಯಲ್ಲಿದ್ದಂತೆ.

ಡಬ್ಬಿಗಳು, ಬಾಟಲಿಗಳು, ಕ್ಯಾಲೆಂಡರುಗಳು, ಅಂಗಡಿಯ ತಗಡಿನ ಬೋರ್ಡುಗಳಂಥ ಬರಹವಿರುವ ಸಾಮಾನುಗಳಲ್ಲಿ ಕೆಲಸ ಇನ್ನೂ ಸುಲಭ. ಬೆಲೆಯು ರೂಪಾಯಿ, ಆಣೆ, ಪೈಗಳಲ್ಲಿದ್ದರೆ ಅದು 1957ರ ಏಪ್ರಿಲ್ 1ಕ್ಕೆ ಮೊದಲಿನದು, ಅಥವಾ ಹಳೆಯ ರೂಢಿಯನ್ನು ಬಿಡಲಾರದ ಒಂದೆರಡು ವರ್ಷಗಳ ನಂತರದ್ದು. 'ನಯಾಪೈಸೆ' ಎಂದು ಅಚ್ಚಾಗಿದ್ದರೆ ಕಿಟಕಿ ಮತ್ತೂ ಕಿರಿದು: ನೂರು ಪೈಸೆಯ ರೂಪಾಯಿ ಬಂದ ಆ ದಿನದಿಂದ, 'ನಯಾ' ಎಂಬ ವಿಶೇಷಣವನ್ನು ಸರ್ಕಾರ ಕೈಬಿಟ್ಟ 1964ರ ಜೂನ್‌ವರೆಗಿನ ಏಳು ವರ್ಷ. ಊರಿನ ವಿಳಾಸದಲ್ಲಿ 'ಮೈಸೂರು ರಾಜ್ಯ' ಎಂದಿದ್ದರೆ 1973ರ ನವೆಂಬರ್ 1ಕ್ಕೆ ಹಿಂದಿನದು, ಏಕೆಂದರೆ ಅಂದಿನಿಂದ ನಾವು ಕರ್ನಾಟಕ. ಇಂಗ್ಲಿಷಿನಲ್ಲಿ 'ಬ್ಯಾಂಗಲೋರ್' ಹೋಗಿ 'ಬೆಂಗಳೂರು' ಎಂಬ ಕಾಗುಣಿತ ಅಧಿಕೃತವಾದದ್ದು 2014ರ ನವೆಂಬರಿನಲ್ಲಿ.

ಇವುಗಳಲ್ಲೆಲ್ಲ ನನಗೆ ಅಚ್ಚುಮೆಚ್ಚಿನದು ಪಿನ್‌ಕೋಡ್. ಆರಂಕಿಯ ಈ ಸಂಖ್ಯೆ ದೇಶದಲ್ಲಿ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅದಕ್ಕೂ ಮೊದಲು ದೊಡ್ಡ ನಗರಗಳಲ್ಲಿ ಬಡಾವಣೆಗೊಂದು ಅಂಚೆ ಸಂಖ್ಯೆಯಿತ್ತು. ಬಸವನಗುಡಿಯವರು 'ಬೆಂಗಳೂರು–4' ಎಂದೂ ಮಲ್ಲೇಶ್ವರದವರು 'ಬೆಂಗಳೂರು–3' ಎಂದೂ ಬರೆಯುತ್ತಿದ್ದರು. ಹೊಸ ಪದ್ಧತಿ ಬಂದಾಗ ಆ ಹಳೆಯ ಅಂಕಿಗಳೇ ಬಾಲವಾಗಿ ಉಳಿದು 560 004, 560 003 ಆದವು. ಹಾಗಾಗಿ ನಶ್ಯದ ಡಬ್ಬಿಯೊಂದರ ಮೇಲೆ ಆರಂಕಿ ಇದ್ದರೆ ಅದು 1972ಕ್ಕಿಂತ ಹಿಂದಿನದಾಗಿರಲಾರದು. ಇದರ ವಿಲೋಮ ಮಾತ್ರ ನಿಜವಲ್ಲ: ಹಳೆಯ ರೂಢಿಯವರು ಆಮೇಲೆಯೂ ಬಹುಕಾಲ ಒಂದೇ ಅಂಕಿ ಬರೆದರು, ಮುದ್ರಣಾಲಯದವರು ಹಳೆಯ ಅಚ್ಚನ್ನೇ ತಿರುಗಿಸಿ ಬಳಸಿದರು. ಗುರುತು ಇದ್ದರೆ ಸಾಕ್ಷ್ಯ, ಇಲ್ಲದಿದ್ದರೆ ಬರೀ ಅನುಮಾನ. ಗಂಡಭೇರುಂಡದ ಲಾಂಛನವೂ ಇದೇ ಜಾತಿಗೆ ಸೇರಿದ್ದು. ಅದನ್ನು ಕಂಡೊಡನೆ 'ಮಹಾರಾಜರ ಕಾಲದ್ದು' ಎನ್ನುವವರಿದ್ದಾರೆ, ಆದರೆ ಇಂದಿನ ಕರ್ನಾಟಕ ಸರ್ಕಾರದ ಲಾಂಛನದಲ್ಲಿಯೂ ಇರುವುದು ಅದೇ ಎರಡು ತಲೆಯ ಹಕ್ಕಿ. ಕೊನೆಗೆ, ರೂಪಾಯಿಯ ಹೊಸ ಚಿಹ್ನೆ ಬಂದದ್ದು 2010ರಲ್ಲಿ. ಆ ಚಿಹ್ನೆಯಿರುವ 'ಸ್ವಾತಂತ್ರ್ಯಪೂರ್ವದ' ಸೋಡಾ ಬೋರ್ಡನ್ನು ಹೋಟೆಲೊಂದರ ಗೋಡೆಯ ಮೇಲೆ ನಾನು ಕಣ್ಣಾರೆ ಕಂಡಿದ್ದೇನೆ.

ಹೊರದೇಶದಿಂದ ಬಂದ ಗಡಿಯಾರ, ಪಿಂಗಾಣಿ, ಗಾಜು, ಎನಾಮಲ್ ತಟ್ಟೆಗಳಿಗೆ ಇತಿಹಾಸವೇ ದಿನಾಂಕ ಒತ್ತಿ ಕಳಿಸಿದೆ. ವಿದೇಶೀ ಮಾಲು ಬ್ರಿಟಿಷ್ ಮಾಲಿನ ವೇಷ ತೊಟ್ಟು ಮಾರಾಟವಾಗುವುದನ್ನು ತಡೆಯಲು ಬ್ರಿಟನ್ 1887ರಲ್ಲಿ ಕಾನೂನು ಮಾಡಿತು, 'ಮೇಡ್ ಇನ್ ಜರ್ಮನಿ' ಎಂಬ ಬರಹ ವ್ಯಾಪಕವಾದದ್ದು ಅದರ ಫಲವಾಗಿ. ಅಲ್ಲಿಂದ ಮುಂದೆ ದೇಶಗಳ ಹೆಸರು ಬದಲಾದಂತೆಲ್ಲ ತಟ್ಟೆಗಳ ತಳವೂ ಬದಲಾಯಿತು. 'ಚೆಕೊಸ್ಲೊವಾಕಿಯಾ' ಎಂದಿದ್ದರೆ 1918ಕ್ಕೂ 1992ಕ್ಕೂ ನಡುವಿನದು, 'ವೆಸ್ಟ್ ಜರ್ಮನಿ' ಎಂದಿದ್ದರೆ 1949ಕ್ಕೂ 1990ಕ್ಕೂ ನಡುವಿನದು. 'ಆಕ್ಯುಪೈಡ್ ಜಪಾನ್' ಎಂಬ ವಿಚಿತ್ರ ಬರಹವಿರುವ ಚಹಾ ಬಟ್ಟಲು ಸಿಕ್ಕರೆ, ಎರಡನೆಯ ಮಹಾಯುದ್ಧದಲ್ಲಿ ಸೋತ ಜಪಾನು ಮಿತ್ರಪಡೆಗಳ ಆಡಳಿತದಲ್ಲಿದ್ದ, 1952ರಲ್ಲಿ ಮುಗಿದ ಆ ಕೆಲವೇ ವರ್ಷಗಳ ಸರಕು ಅದು. ಬರ್ಮಾ, ಮಲಯಗಳಲ್ಲಿ ವ್ಯಾಪಾರ ಮಾಡಿ ಮನೆ ತುಂಬಿಸಿದ ಚೆಟ್ಟಿಯಾರರ ಊರಾದ ತಮಿಳುನಾಡಿನ ಕಾರೈಕುಡಿಯಲ್ಲಿ, ಹಳೆಯ ಸಾಮಾನಿನ ಅಂಗಡಿಗಳ ಬೀದಿಯೊಂದರಲ್ಲಿ ಅಡ್ಡಾಡಿದರೆ, ಹಿಡಿಯಿರುವ ಎನಾಮಲ್ ತೂಗುಪಾತ್ರೆಗಳ ತಳಗಳನ್ನು ಓದಿಯೇ ಇಪ್ಪತ್ತನೆಯ ಶತಮಾನದ ಭೂಪಟವನ್ನು ಬರೆಯಬಹುದೆನಿಸುತ್ತದೆ.

ಅಚ್ಚಾದ ವರ್ಷವೇ ಮೋಸಗೊಳಿಸುವ ಸಂದರ್ಭವೂ ಉಂಟು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ್ದು 1865ರಲ್ಲಿ. ಕೆಡವಿದ ಮನೆಗಳಿಂದ ಬರುವ ಹೆಂಚುಗಳ ಮೇಲೆ ಆ ಇಸವಿ ಎದ್ದು ಕಾಣುವಂತೆ ಒತ್ತಿರುವುದನ್ನು ಕಂಡು, ತಮ್ಮ ಕೈಯಲ್ಲಿರುವ ಹೆಂಚೇ ಆ ವರ್ಷದ್ದೆಂದು ಸಂಭ್ರಮಿಸುವವರು ಬಹಳ ಮಂದಿ. ಅದು ಕಾರ್ಖಾನೆಯ ಹುಟ್ಟಿದ ವರ್ಷ. ಅಂಗಡಿಯ ಬೋರ್ಡಿನ ಮೇಲೆ ಬರೆಯುವ 'ಸ್ಥಾಪನೆ' ಎಂಬುದರಂತೆ. ಹೆಂಚು ಅದಕ್ಕಿಂತ ಎಷ್ಟೋ ದಶಕ ಚಿಕ್ಕದಿರಬಹುದು. ಡಬ್ಬಿಗಳ ಮೇಲೆ ಚಿನ್ನದ ಪದಕಗಳ ಚಿತ್ರದ ಜೊತೆಗೆ ಕಾಣುವ ಇಸವಿಗಳೂ ಹೀಗೆಯೇ. ಅವು ವಸ್ತುಪ್ರದರ್ಶನದಲ್ಲಿ ಬಹುಮಾನ ಬಂದ ವರ್ಷಗಳು.

ಇನ್ನು ಹಿತ್ತಾಳೆ, ತಾಮ್ರ, ಕಂಚಿನ ಪಾತ್ರೆಗಳು. ಇವುಗಳ ಮೇಲೆ ತಯಾರಕರ ಹೆಸರಿರುವುದು ಕಡಿಮೆ, ಆದರೂ ನಮ್ಮ ಕುಟುಂಬಗಳ ಚರಿತ್ರೆ ಅತಿ ಹೆಚ್ಚು ಅಡಗಿರುವುದು ಇಲ್ಲಿಯೇ. ಮೊದಲು ಲೋಹವನ್ನು ಗುರುತಿಸಬೇಕು. ತಾಮ್ರಕ್ಕೆ ಸತು ಬೆರೆಸಿದರೆ ಹಳದಿ ಬಣ್ಣದ ಹಿತ್ತಾಳೆ, ತವರ ಬೆರೆಸಿದರೆ ಕಂಚು. ಊಟದ ಕಂಚಿನ ತಟ್ಟೆಯನ್ನು ಬೆರಳ ತುದಿಯಲ್ಲಿ ನಿಲ್ಲಿಸಿ ಮೆಲ್ಲಗೆ ತಟ್ಟಿದರೆ ಗಂಟೆಯಂತೆ ನಾದ ಎಳೆಯುತ್ತದೆ, ಹಿತ್ತಾಳೆಯ ದನಿ ಬೇಗ ಆರಿಹೋಗುತ್ತದೆ. ಅಯಸ್ಕಾಂತ ಅಂಟಿಕೊಂಡರೆ ಅದು ಕಬ್ಬಿಣದ ಮೇಲೆ ಹಿತ್ತಾಳೆಯ ಲೇಪ ಕೊಟ್ಟದ್ದು. ಸದ್ದಿಲ್ಲದೆ ಮುಂದಿನ ಅಂಗಡಿಗೆ ನಡೆಯಬಹುದು.

ಅನಂತರ, ಪಾತ್ರೆಯನ್ನು ಹೇಗೆ ಮಾಡಿದ್ದಾರೆಂದು ನೋಡಬೇಕು. ಯಂತ್ರದ ಮೇಲೆ ತಿರುಗಿಸಿ ರೂಪಿಸಿದ ಬಿಂದಿಗೆಯ ಒಳಮೈಯಲ್ಲಿ ಗ್ರಾಮಫೋನ್ ತಟ್ಟೆಯ ಗೆರೆಗಳಂಥ ಸಮನಾದ ಸುತ್ತುಗಳು ಕಾಣುತ್ತವೆ. ಕೈಯಿಂದ ಬಡಿದದ್ದಾದರೆ ಸುತ್ತಿಗೆಯ ಸಣ್ಣ ಸಣ್ಣ ತಗ್ಗುಗಳು ಮೈತುಂಬ ಹರಡಿಕೊಂಡಿರುತ್ತವೆ. ಹಳೆಯ ಬಿಂದಿಗೆ, ಹಂಡೆಗಳನ್ನು ಒಂದೇ ತಗಡಿನಿಂದ ಎತ್ತುವುದು ಕಷ್ಟವಾದ್ದರಿಂದ, ಎರಡು ಭಾಗ ಮಾಡಿ ಹೊಟ್ಟೆಯ ನಡುವಿನಲ್ಲಿ ಬೆಸೆಯುತ್ತಿದ್ದರು. ಬೆಸುಗೆ ಬಿಡದಿರಲೆಂದು ಒಂದು ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿ ಇನ್ನೊಂದಕ್ಕೆ ಕಚ್ಚಿಸುತ್ತಿದ್ದರು. ಚೆನ್ನಾಗಿ ಬೆಳಗಿದ ಬಿಂದಿಗೆಯಲ್ಲಿ ಈ ಹಲ್ಲಿನ ಸಾಲು ಬಣ್ಣದ ಸೂಕ್ಷ್ಮ ವ್ಯತ್ಯಾಸವಾಗಿ ತೋರುತ್ತದೆ. ಇದನ್ನು ಒಡಕಿನ ರಿಪೇರಿಯೆಂದು ಭಾವಿಸಿ ಬೆಲೆ ಇಳಿಸಲು ಚೌಕಾಸಿ ಮಾಡುವವರನ್ನು ಕಂಡಿದ್ದೇನೆ. ವಾಸ್ತವದಲ್ಲಿ ಅದು ಕಂಚುಗಾರರ ಕೈಚಳಕದ ರುಜು.

ಒಳಗಿನ ಕಲಾಯಿಯನ್ನೂ ಮರೆಯುವಂತಿಲ್ಲ. ಹುಳಿ ತಾಗಿದ ಹಿತ್ತಾಳೆ, ತಾಮ್ರಗಳು ಕಿಲುಬು ಬಿಡುತ್ತವೆ, ಆ ಕಿಲುಬು ಹೊಟ್ಟೆಗೆ ಒಳ್ಳೆಯದಲ್ಲ. ಆದುದರಿಂದ ಸಾರು, ಹುಳಿ ಮಾಡುವ ಪಾತ್ರೆಯನ್ನು ಇದ್ದಲಿನ ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಎರಚಿ ಒಳಮೈಯನ್ನು ಶುದ್ಧಗೊಳಿಸಿ, 232 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗಿಬಿಡುವ ತವರದ ಕಡ್ಡಿಯನ್ನು ತಾಗಿಸಿ, ಹತ್ತಿಯ ಉಂಡೆಯಿಂದ ಬೆಳ್ಳಿಯ ಬಣ್ಣವನ್ನು ಸುತ್ತಲೂ ಹರಡುತ್ತಿದ್ದರು. ಈ ಪದರ ಬಳಕೆಯಿಂದ ಸವೆಯುತ್ತದೆ, ಮತ್ತೆ ಹಾಕಿಸಬೇಕಾಗುತ್ತದೆ. ಕಲಾಯಿ ಮಾಡುವವರು ಕೇರಿಗೆ ಬರುವುದು ನಿಂತ ಮೇಲೆ ಎಷ್ಟೋ ಮನೆಗಳಲ್ಲಿ ಹಿತ್ತಾಳೆ ತಪ್ಪಲೆಗಳು ಅಟ್ಟ ಸೇರಿದವು. ಗುಜರಿಯಿಂದ ತಂದದ್ದರಲ್ಲಿ ಅಡುಗೆ ಮಾಡುವ ಆಸೆಯಿರುವವರು ಹಳೆಯ ಕಲಾಯಿಯನ್ನು ನಂಬದೆ ಹೊಸದಾಗಿ ಹಾಕಿಸುವುದೇ ಸರಿ, ಏಕೆಂದರೆ ಅಗ್ಗದ ಕಲಾಯಿಯಲ್ಲಿ ತವರಕ್ಕೆ ಸೀಸ ಬೆರೆಸಿರುವ ಅಪಾಯವಿದೆ. ಬಣ್ಣ ಉದುರುತ್ತಿರುವ ಹಳೆಯ ತಟ್ಟೆ, ಆಟಿಕೆಗಳ ವಿಷಯದಲ್ಲಿಯೂ ಇದೇ ಎಚ್ಚರಿಕೆ ಸಲ್ಲುತ್ತದೆ.

ಪಾತ್ರೆಯ ಅಂಚಿನಲ್ಲಿ ಕೆತ್ತಿಸಿದ ಹೆಸರು ನಮ್ಮ ಕಡೆಯ ವಿಶೇಷ. ಮದುವೆ, ಮುಂಜಿ, ಗೃಹಪ್ರವೇಶಗಳಿಗೆ ಕೊಡುವ ಪಾತ್ರೆಗೆ ಹೆಸರು ಹಾಕಿಸದಿದ್ದರೆ ಉಡುಗೊರೆ ಪೂರ್ತಿಯಾಗುತ್ತಿರಲಿಲ್ಲ. ಇದರಲ್ಲಿ ಬರಿಯ ಅಭಿಮಾನವಿರಲಿಲ್ಲ, ಉಪಯೋಗವೂ ಇತ್ತು: ನೂರಾರು ಎಲೆ ಬೀಳುವ ಸಮಾರಂಭಕ್ಕೆ ಕೇರಿಯವರೆಲ್ಲ ತಮ್ಮ ಕೊಳದಪ್ಪಲೆ, ಸೌಟುಗಳನ್ನು ಎರವಲು ಕೊಡುವ ಕಾಲದಲ್ಲಿ, ತಿರುಗಿ ಬಂದದ್ದು ತಮ್ಮದೇ ಎಂದು ತಿಳಿಯಲು ಬೇರೆ ದಾರಿಯಿರಲಿಲ್ಲ. ಹಳೆಯ ಕೆತ್ತನೆಯಲ್ಲಿ ಅಕ್ಷರಗಳು ಚುಕ್ಕೆಗಳ ಸಾಲಾಗಿರುತ್ತವೆ. ಮೊನಚು ಉಳಿಯನ್ನಿಟ್ಟು ಒಂದೊಂದೇ ಪೆಟ್ಟು ಹಾಕಿ ಮೂಡಿಸಿದ್ದು. ವಿದ್ಯುತ್ ಲೇಖನಿ ಬಂದ ಮೇಲೆ ಗೆರೆ ಎಡೆಬಿಡದೆ, ಕೊಂಚ ನಡುಗಿದಂತೆ ಓಡುತ್ತದೆ. ಸ್ಟೀಲಿನ ಮೇಲೆ ನಾವು ಕಾಣುವುದು ಬಹುತೇಕ ಎರಡನೆಯದನ್ನು.

ಒಂದು ಹೆಸರಿನಿಂದ ಏನೆಲ್ಲ ತಿಳಿಯಬಹುದೆಂಬುದಕ್ಕೆ ನನ್ನ ಬಳಿಯ ಒಂದು ತಂಬಿಗೆಯನ್ನೇ ನೋಡಬಹುದು. ಅದರ ಕಂಠದಲ್ಲಿ ಚುಕ್ಕೆಗಳಿಂದ ಕೆತ್ತಿದ ಮೂರು ಕನ್ನಡ ಅಕ್ಷರಗಳಿವೆ, ಪ್ರಾಯಶಃ ಊರು, ತಂದೆ ಮತ್ತು ತನ್ನ ಹೆಸರಿನ ಮೊದಲಕ್ಷರಗಳು. ಅದರ ಮೇಲೆ ಯಾರೋ ಅರದಿಂದ ಉಜ್ಜಿ ಅಳಿಸಲು ಯತ್ನಿಸಿದ್ದಾರೆ. ಕೆಳಗೆ, ವಿದ್ಯುತ್ ಲೇಖನಿಯಲ್ಲಿ, ಒಬ್ಬ ಹೆಣ್ಣುಮಗಳ ಹೆಸರು ಮತ್ತು 1968ರ ಮೇ ತಿಂಗಳ ಒಂದು ದಿನಾಂಕ ಇಂಗ್ಲಿಷಿನಲ್ಲಿದೆ. ಮೇ ತಿಂಗಳೆಂದರೆ ಮದುವೆಯ ಕಾಲ. ಹಳೆಯ ತಂಬಿಗೆಯೊಂದನ್ನು ತಿಕ್ಕಿ, ಹೆಸರು ಬದಲಿಸಿ, ಮಗಳ ಬಳುವಳಿಯ ಪಾತ್ರೆಗಳ ಜೊತೆ ಸೇರಿಸಿದರೆಂದು ಊಹಿಸುವುದು ಕಷ್ಟವಲ್ಲ. ಆದರೆ ಆ ಮೂರಕ್ಷರದವರು ಆಕೆಯ ಅಜ್ಜನೋ, ಅಥವಾ ಗಿರವಿ ಬಿಡಿಸಿಕೊಳ್ಳಲಾರದೆ ಪಾತ್ರೆಯನ್ನು ಕಳೆದುಕೊಂಡ ಬೇರೆ ಯಾರೋ ಎಂಬುದನ್ನು ತಂಬಿಗೆ ಹೇಳುವುದಿಲ್ಲ. 1968 ಎಂಬುದು ಇಲ್ಲಿ ತಂಬಿಗೆಯ ವಯಸ್ಸಲ್ಲ, ಅದಕ್ಕೂ ಮುಂಚೆ ತಂಬಿಗೆ ಇತ್ತು ಎಂಬುದರ ಪುರಾವೆ. ಮೊದಲು ಹೇಳಿದ ಎರಡು ಗಡಿಗಳಲ್ಲಿ ಇದು ಮೇಲಿನ ಗಡಿ.

ಹೊಲಿಗೆ ಯಂತ್ರದಂಥ ಕಾರ್ಖಾನೆಯ ವಸ್ತುಗಳಿಗೆ ಜನನ ಪ್ರಮಾಣಪತ್ರವೇ ಇರುತ್ತದೆ. ಸಿಂಗರ್ ಯಂತ್ರಗಳ ಮೇಲೆ ಒತ್ತಿದ ಕ್ರಮಸಂಖ್ಯೆಯಿಂದ ಆ ಸಂಖ್ಯೆಯನ್ನು ಕಾರ್ಖಾನೆ ಯಾವ ವರ್ಷ ಹಂಚಿತೆಂದು ಪಟ್ಟಿಗಳಲ್ಲಿ ಹುಡುಕಬಹುದು. ಅಕ್ಷರವಿಲ್ಲದೆ ಬರಿಯ ಅಂಕಿಗಳಿದ್ದರೆ ಸಾಮಾನ್ಯವಾಗಿ ಹತ್ತೊಂಬತ್ತನೆಯ ಶತಮಾನದ್ದು, ಮುಂದೆ ಇಂಗ್ಲಿಷ್ ಅಕ್ಷರಗಳಿದ್ದರೆ ಅನಂತರದ್ದು. ಭಾರತಕ್ಕೆ ಬಂದ ಹಲವು ಯಂತ್ರಗಳು ಸ್ಕಾಟ್‌ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯವು, ಅದು 1980ರಲ್ಲಿ ಮುಚ್ಚಿತು. ಸಂಖ್ಯೆ ಹಂಚಿದ ವರ್ಷಕ್ಕೂ ಯಂತ್ರವು ಹಾಸನದ ಒಂದು ಮನೆಯ ಪಡಸಾಲೆಗೆ ಬಂದ ವರ್ಷಕ್ಕೂ ನಡುವೆ ಹಡಗು, ಗೋದಾಮು, ಕಂತಿನ ವ್ಯಾಪಾರ ಎಲ್ಲವೂ ಇದ್ದವು ಎಂಬುದನ್ನು ಮಾತ್ರ ಮರೆಯಬಾರದು.

ರೇಡಿಯೋ ಕೂಡ ಮಾತಾಡುವ ವಸ್ತುವೇ, ಕೆಟ್ಟು ಕುಳಿತಾಗಲೂ. ಅದರ ಗಾಜಿನ ಡಯಲಿನ ಮೇಲಿರುವ ನಗರಗಳ ಸಾಲನ್ನು ಓದಿ: 'ಸಿಲೋನ್' ಇದ್ದರೆ, ಆ ದೇಶ 1972ರಲ್ಲಿ ಶ್ರೀಲಂಕಾ ಆಗುವ ಮೊದಲಿನ ವಿನ್ಯಾಸವೆಂದು ತಿಳಿಯಬಹುದು. ಹಿಂಬದಿಯ ರಟ್ಟು ಬಿಚ್ಚಿದಾಗ ಬಲ್ಬಿನಂಥ ವಾಲ್ವುಗಳಿದ್ದರೆ ಟ್ರಾನ್ಸಿಸ್ಟರು ಮನೆಮನೆ ಸೇರುವುದಕ್ಕೂ ಹಿಂದಿನ ತಲೆಮಾರಿನದು. ಅದೃಷ್ಟವಿದ್ದರೆ ರಟ್ಟಿನ ಒಳಗೆ ಸಿಕ್ಕಿಸಿಟ್ಟ ಲೈಸೆನ್ಸು ಪುಸ್ತಕವೂ ದೊರೆಯುತ್ತದೆ. 1980ರ ದಶಕದ ನಡುವಿನವರೆಗೆ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಶುಲ್ಕ ಕಟ್ಟಬೇಕಿತ್ತು. ಪುಟಪುಟದಲ್ಲಿ ಅಂಚೆಯ ಮೊಹರು, ಮೊದಲ ಪುಟದಲ್ಲಿ ಮಾಲೀಕರ ಹೆಸರು, ವಿಳಾಸ. 'ಆಕಾಶವಾಣಿ' ಎಂಬ ಹೆಸರು ಮೊದಲು ಬಾನುಲಿ ನಿಲಯಕ್ಕೆ ಅಂಟಿಕೊಂಡದ್ದು ಮೈಸೂರಿನಲ್ಲಿ, ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದ ಆರಂಭಿಸಿದ ಪ್ರಸಾರದ ಮೂಲಕ, ಎಂಬುದನ್ನು ನೆನೆದರೆ ಮೈಸೂರಿನ ವಿಳಾಸವಿರುವ ಅಂಥ ಒಂದು ಪುಸ್ತಕಕ್ಕೆ ರೇಡಿಯೋಗಿಂತ ಹೆಚ್ಚಿನ ಬೆಲೆ ಕೊಡಬೇಕೆನಿಸುತ್ತದೆ.

ದೇವರಮನೆಯಿಂದ ಬರುವ ರವಿವರ್ಮನ ಚಿತ್ರಗಳಿಗೆ ಒಂದು ಭೂತಗನ್ನಡಿ ಸಾಕು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಮುದ್ರಣಾಲಯ ಐದಾರು ವರ್ಷಗಳಲ್ಲಿ ಲೋಣಾವಳದ ಹತ್ತಿರಕ್ಕೆ ಸ್ಥಳಾಂತರಗೊಂಡಿತು. ಚಿತ್ರದ ಕೆಳಗಿನ ಸಣ್ಣ ಅಕ್ಷರದಲ್ಲಿ 'ಕಾರ್ಲಾ–ಲೋಣಾವಳ' ಎಂದಿದ್ದರೆ ಅದು ಸ್ಥಳಾಂತರದ ನಂತರದ್ದು. ಅಲ್ಲಿನ ಮುದ್ರಣ ಕಲ್ಲಚ್ಚಿನದು, ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಗನ್ನಡಿಯ ಕೆಳಗೆ ಅದರ ಚುಕ್ಕೆಗಳು ಕೈಯಿಂದ ಇಟ್ಟ ರಂಗೋಲಿಯಂತೆ ದೊಡ್ಡವು, ಚಿಕ್ಕವು, ಅಡ್ಡಾದಿಡ್ಡಿ. ಇಂದಿನ ಆಫ್‌ಸೆಟ್ ನಕಲಿನಲ್ಲಿ ಚುಕ್ಕೆಗಳು ಕವಾಯತಿಗೆ ನಿಂತಂತೆ ಒಂದೇ ಅಂತರದಲ್ಲಿರುತ್ತವೆ. ಲಕ್ಷ್ಮಿಯ ಸೀರೆಗೆ ಜರಿ, ಟಿಕಲಿ ಅಂಟಿಸಿ ಅಲಂಕರಿಸಿದ ಪ್ರತಿಗಳೂ ಸಿಗುತ್ತವೆ. ಅದನ್ನು ಮಾಡಿದ್ದು ಮುದ್ರಣಾಲಯವಲ್ಲ, ಮನೆಯ ಹೆಂಗಸರು. ಚಿತ್ರ 'ಕೆಟ್ಟಿದೆ' ಎಂದು ಅದನ್ನು ಕಿತ್ತು ತೆಗೆಯುವವರಿಗೆ ನಾನು ಕೈ ಮುಗಿದು ಬೇಡವೆನ್ನುತ್ತೇನೆ.

ಮರದ ಸಾಮಾನಿಗೆ ಎರಡೇ ಮಾತು. ಮರವು ತನ್ನ ಎಳೆಗೆ ಅಡ್ಡಲಾಗಿ ಕುಗ್ಗುತ್ತದೆ, ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಆದ್ದರಿಂದ ನಿಜವಾಗಿ ಹಳೆಯದಾದ ದುಂಡು ಮೇಜನ್ನು ಎರಡು ದಿಕ್ಕಿನಲ್ಲಿ ಅಳೆದರೆ ಅಳತೆಗಳು ಒಂದೇ ಬರುವುದಿಲ್ಲ. ಮತ್ತು, ನಕ್ಷತ್ರದಂತೆ ಸೀಳಿರುವ ತಲೆಯ ಸ್ಕ್ರೂ 1930ರ ದಶಕದ ಅಮೆರಿಕದ ಆವಿಷ್ಕಾರ. ನೂರೈವತ್ತು ವರ್ಷದ್ದೆಂದು ಹೇಳುವ ತಿಜೋರಿಯ ಎಲ್ಲ ಕೀಲುಗಳಲ್ಲಿಯೂ ಅದೇ ಇದ್ದರೆ ಒಂದೋ ರಿಪೇರಿಯಾಗಿದೆ, ಇಲ್ಲವೇ ಕಥೆ ಕಟ್ಟಲಾಗಿದೆ.

ಕಥೆ ಕಟ್ಟುವುದು ಈಗ ಒಂದು ಉದ್ಯಮವೇ ಆಗಿದೆ. ಹಿತ್ತಾಳೆಯ ದೊಡ್ಡ ಕಹಳೆ ಹೊತ್ತ, ನಾಯಿಯ ಚಿತ್ರವಿರುವ ಹೊಳೆಹೊಳೆಯುವ ಗ್ರಾಮಫೋನುಗಳಲ್ಲಿ ಬಹುಪಾಲು ಹಳೆಯ ಪೆಟ್ಟಿಗೆ ಯಂತ್ರದ ಭಾಗಗಳಿಗೆ ಹೊಸ ಕಹಳೆ ಜೋಡಿಸಿದವು. ಹಡಗಿನ ದಿಕ್ಸೂಚಿ, ದುರ್ಬೀನುಗಳಲ್ಲಿ ಅನೇಕವು ಉತ್ತರಾಖಂಡದ ರೂರ್ಕಿಯ ಕಾರ್ಯಾಗಾರಗಳಲ್ಲಿ ಅಲಂಕಾರಕ್ಕೆಂದೇ ತಯಾರಾದವು. ಹಳೆಯ ಎಚ್‌ಎಂಟಿ ಗಡಿಯಾರಗಳ ಮುಖಕ್ಕೆ ಹೊಸದಾಗಿ ಬಣ್ಣ ಬಳಿದು, ಕಾರ್ಖಾನೆ ಎಂದೂ ಮಾಡದ ವಿನ್ಯಾಸಗಳನ್ನು ಮಾರುವುದೂ ಉಂಟು. '1818' ಎಂದೂ 'ಈಸ್ಟ್ ಇಂಡಿಯಾ ಕಂಪನಿ' ಎಂದೂ ಬರೆದು ರಾಮ, ಹನುಮಂತರ ಚಿತ್ರ ಒತ್ತಿದ ತಾಮ್ರದ ಬಿಲ್ಲೆಗಳನ್ನು ಕಂಪನಿ ಎಂದೂ ಚಲಾವಣೆಗೆ ತಂದಿರಲಿಲ್ಲ. ಇವುಗಳಿಂದ ಕಳೆದುಕೊಳ್ಳುವುದು ಹೆಚ್ಚೆಂದರೆ ಕೆಲವು ಸಾವಿರ ರೂಪಾಯಿ. ಆದರೆ 'ರೈಸ್ ಪುಲ್ಲರ್' ಎಂಬ ಹೆಸರಿನ ಮೋಸ ಬೇರೆಯೇ ಮಟ್ಟದ್ದು. ಸಿಡಿಲು ಬಡಿದ ತಾಮ್ರದ ಚೊಂಬು ಅಕ್ಕಿಕಾಳನ್ನು ಸೆಳೆಯುತ್ತದೆ, ಅದರಲ್ಲಿ ಇರಿಡಿಯಂ ಇದೆ, ವಿದೇಶದವರು ಕೋಟಿಗಟ್ಟಲೆ ಕೊಡುತ್ತಾರೆ ಎಂದು ನಂಬಿಸಿ, 'ಪರೀಕ್ಷೆಯ ಖರ್ಚಿಗೆ' ಮುಂಗಡ ಪಡೆದು ಮಾಯವಾಗುವವರ ಮೇಲೆ ನಮ್ಮ ರಾಜ್ಯದಲ್ಲಿಯೂ ಮತ್ತೆ ಮತ್ತೆ ಪ್ರಕರಣಗಳು ದಾಖಲಾಗಿವೆ. ಅಕ್ಕಿಯನ್ನು ಯಾವ ಲೋಹವೂ ಸೆಳೆಯುವುದಿಲ್ಲ. ಕಾಳಿಗೆ ಕಬ್ಬಿಣದ ಪುಡಿ ಸವರಿ, ಚೊಂಬಿನಲ್ಲಿ ಅಯಸ್ಕಾಂತ ಅಡಗಿಸಿದರೆ ಮಾತ್ರ ಸೆಳೆಯುತ್ತದೆ.

ಇಷ್ಟೆಲ್ಲ ಸಾಮಾನು ಗುಜರಿಗೆ ಬಂದದ್ದಾದರೂ ಏಕೆ? ಮನೆ ಪಾಲಾದದ್ದು, ಹಳೆಯ ಮನೆ ಕೆಡವಿ ಅಪಾರ್ಟ್‌ಮೆಂಟ್ ಎದ್ದದ್ದು ಗೊತ್ತಿರುವ ಕಾರಣಗಳು. ಅಷ್ಟಾಗಿ ಗಮನಕ್ಕೆ ಬಾರದ ಕಾರಣವೊಂದಿದೆ: ಗ್ಯಾಸ್ ಒಲೆ. ಸೌದೆ ಒಲೆಯ ಮೂರು ಗುಂಡುಗಳ ನಡುವೆ ಗುಂಡುತಳದ ಪಾತ್ರೆ ಭದ್ರವಾಗಿ ಕೂರುತ್ತಿತ್ತು, ಬೆಂಕಿ ಅದರ ಹೊಟ್ಟೆಯನ್ನು ಸುತ್ತಲೂ ನೆಕ್ಕುತ್ತಿತ್ತು. ಗ್ಯಾಸಿನ ಸಣ್ಣ ಉರಿಗೂ ಅದರ ಮಟ್ಟಸವಾದ ಕಾಲುಗಳಿಗೂ ಬೇಕಾದದ್ದು ಚಪ್ಪಟೆ ತಳ. ಇಂಡೇನ್ ಸಿಲಿಂಡರು ದೇಶದಲ್ಲಿ ಮೊದಲ ಬಾರಿಗೆ ಮನೆ ಹೊಕ್ಕಿದ್ದು 1965ರಲ್ಲಿ. ಅಲ್ಲಿಂದ ಮುಂದಿನ ಮೂರು ದಶಕಗಳಲ್ಲಿ, ಒಂದೊಂದು ಊರಿಗೂ ಗ್ಯಾಸು ತಲುಪಿದಂತೆ, ಗುಂಡುತಳದ ತಪ್ಪಲೆಗಳು ಕೆಲಸ ಕಳೆದುಕೊಂಡವು. ಬೀದಿ ನಲ್ಲಿಯಿಂದ ನೀರು ಹೊರುವವರಿಗೆ ಪ್ಲಾಸ್ಟಿಕ್ ಕೊಡ ವರವಾಗಿ ಬಂತು. ಹಿತ್ತಾಳೆ ಬಿಂದಿಗೆಯ ಭಾರವನ್ನು ಸೊಂಟದ ಮೇಲೆ ಹೊತ್ತವರು ಅದನ್ನು ಹಳಹಳಿಕೆಯಿಂದ ನೆನೆಯುವುದು ಕಡಿಮೆ. ಹಳೆಯ ಲೋಹವನ್ನು ಕಿಲೋ ಲೆಕ್ಕದಲ್ಲಿ ಕೊಂಡು ಕರಗಿಸುವುದೇ ರೂಢಿಯಾದ್ದರಿಂದ, ಉಳಿದಿರುವುದು ಬಹಳ ಕಡಿಮೆ. ದಿನನಿತ್ಯ ಬಳಸಿದ್ದು ಸವೆದು ಹೋಯಿತು, ಹಬ್ಬಕ್ಕೊಮ್ಮೆ ಇಳಿಸಿದ್ದು ಉಳಿಯಿತು. ಮಣ್ಣಿನ ಗಡಿಗೆ, ಬಿದಿರಿನ ಮೊರಗಳಂತೂ ಗುಜರಿಯವರೆಗೂ ಬರಲಿಲ್ಲ. ಹೀಗಾಗಿ ಹಳೆಯ ಸಾಮಾನಿನ ಅಂಗಡಿಯನ್ನು ನೋಡಿ ಹಳೆಯ ಅಡುಗೆಮನೆಯನ್ನು ಕಲ್ಪಿಸಿಕೊಂಡರೆ ಅದು ಇದ್ದದ್ದಕ್ಕಿಂತ ಶ್ರೀಮಂತವಾಗಿ ಕಾಣುತ್ತದೆ.

ಗುಜರಿಗೂ ವಸ್ತುಸಂಗ್ರಹಾಲಯಕ್ಕೂ ಇರುವ ವ್ಯತ್ಯಾಸ ವಸ್ತುವಿನಲ್ಲಿಲ್ಲ, ದಾಖಲೆಯಲ್ಲಿದೆ. ಮೈಸೂರು ವಿಶ್ವವಿದ್ಯಾನಿಲಯದ ಜಯಲಕ್ಷ್ಮೀವಿಲಾಸದ ಜಾನಪದ ಸಂಗ್ರಹಾಲಯವಾಗಲಿ, ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವಾಗಲಿ, ವಿಜಯನಾಥ ಶೆಣೈಯವರು ಮಣಿಪಾಲದಲ್ಲಿ ಇಡೀ ಮನೆಗಳನ್ನೇ ಬಿಚ್ಚಿ ತಂದು ನಿಲ್ಲಿಸಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮವಾಗಲಿ, ನಮ್ಮ ಅಟ್ಟದ ಮೇಲಿರುವಂಥ ಒರಳು, ಕೊಳಗ, ತೊಟ್ಟಿಲುಗಳನ್ನೇ ಕಾಪಾಡಿವೆ. ಇಂಥ ಕಡೆ ಒಂದು ವಸ್ತು ಸೇರುವಾಗ ಎಲ್ಲಿಂದ, ಯಾರಿಂದ ಬಂತು, ಅಲ್ಲಿ ಅದನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನು ಬರೆದಿಡುವುದು ಪದ್ಧತಿ. ಗುಜರಿಯಲ್ಲಿ ಆ ಕೊಂಡಿ ಕಡಿದುಹೋಗುತ್ತದೆ. ಅಂಗಡಿಯವರು ಇನ್ನೊಬ್ಬ ಗುಜರಿಯವರಿಂದ, ಅವರು ಮನೆ ಕೆಡವುವ ಗುತ್ತಿಗೆದಾರರಿಂದ ಕೊಂಡಿರುತ್ತಾರೆ. ಕೇಳಿದರೆ ಏನಾದರೂ ಹೇಳಲೇಬೇಕಲ್ಲ, ಹಾಗೆ ಟಿಪ್ಪು ಬರುತ್ತಾನೆ.

ನಿಜವಾಗಿಯೂ ನೂರು ವರ್ಷ ದಾಟಿದ ವಸ್ತುವಾದರೆ ಕಾನೂನೂ ನಡುವೆ ಬರುತ್ತದೆ. 1972ರಲ್ಲಿ ಅಂಗೀಕಾರವಾಗಿ 1976ರ ಏಪ್ರಿಲಿನಲ್ಲಿ ಜಾರಿಗೆ ಬಂದ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷಕ್ಕೆ ಮೇಲ್ಪಟ್ಟ ಕಲಾವಸ್ತುಗಳು, ಎಪ್ಪತ್ತೈದು ವರ್ಷಕ್ಕೆ ಮೇಲ್ಪಟ್ಟ ಮಹತ್ವದ ಹಸ್ತಪ್ರತಿಗಳು ಪ್ರಾಚ್ಯವಸ್ತುಗಳೆನಿಸುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಜ್ಜಿಯ ತೂಗುದೀಪವನ್ನು ಅಮೆರಿಕದ ಮನೆಗೆ ಕೊಂಡೊಯ್ಯಬೇಕೆನ್ನುವವರು, ಅದು ಪ್ರಾಚ್ಯವಸ್ತುವಲ್ಲವೆಂದು ಭಾರತೀಯ ಪುರಾತತ್ವ ಸರ್ವೇಕ್ಷಣೆಯಿಂದ ಪ್ರಮಾಣಪತ್ರ ಪಡೆದಿಟ್ಟುಕೊಂಡರೆ ವಿಮಾನ ನಿಲ್ದಾಣದಲ್ಲಿ ತಾಪತ್ರಯ ತಪ್ಪುತ್ತದೆ. ಮೈಸೂರಿನ ಹಳೆಯ ಬೀಟೆ ಮರದ ಕುಸುರಿ ಪೆಟ್ಟಿಗೆಗಳಲ್ಲಿ ಬಿಳಿಯ ಭಾಗ ದಂತದ್ದಾಗಿರಬಹುದು. ದಂತದ ಮಾರಾಟ ವನ್ಯಜೀವಿ ಕಾನೂನಿನಡಿ ನಿಷಿದ್ಧ.

ನನ್ನ ಅಳತೆಪಾತ್ರೆಗೆ ಈ ಯಾವ ಭಯವೂ ಇಲ್ಲ. ಅದರ ಮೇಲೆ ನಾಲ್ಕು ಮೊಹರುಗಳಿವೆ, ಅಂಕಿಗಳು ಸವೆದು ಓದಲು ಬಾರದಂತಾಗಿವೆ. ಅಂಚಿನ ಒಂದು ಪಕ್ಕ ಮಾತ್ರ ತೆಳುವಾಗಿದೆ. ಕಾಳು ತುಂಬಿ, ಮೇಲೆದ್ದದ್ದನ್ನು ಯಾವಾಗಲೂ ಒಂದೇ ದಿಕ್ಕಿಗೆ ಸವರಿ ಸಮಮಾಡುತ್ತಿದ್ದ ಅಂಗಡಿಯವರೊಬ್ಬರ ಕೈಯ ರೂಢಿ ಅಲ್ಲಿ ಉಳಿದಿರಬಹುದು. ಈಗ ಅದು ನಮ್ಮ ಅಕ್ಕಿ ಡಬ್ಬದೊಳಗಿದೆ. ಸರಿಯಾಗಿ ಅರ್ಧ ಲೀಟರು ಹಿಡಿಯುತ್ತದೆ, ನೀರು ಹಾಕಿ ತೂಗಿ ನೋಡಿದ್ದೇನೆ. ಆದರೂ ಅಮ್ಮ ಅದನ್ನು ಒಮ್ಮೆಯೂ ಅರ್ಧ ಲೀಟರೆಂದು ಕರೆದಿಲ್ಲ; ನೆಂಟರು ಬರುವ ದಿನ ಒಳಗಿನಿಂದ ಅವರ ದನಿ ಕೇಳುತ್ತದೆ: "ಇನ್ನೊಂದು ಅಚ್ಚೇರು ಹಾಕು."